ಉಪ್ಪುಕಾಗದದ ಅಕ್ಕನೂ ಏಳನೇ ನಂಬರಿನ ಸುಟ್ಟ ಮೋಟಾರೂ

ರೈಲು ಡಿಪೋದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಎದುರಿಗೆ ಅಕ್ಕ, ಬೆನ್ನ ಹಿಂದೆ ಉಪ್ಪುಕಾಗದ. ಮರವನ್ನೋ ಲೋಹವನ್ನೋ ಉಜ್ಜಿ ನಯ ಮಾಡುವ ಒರಟು ಕಾಗದ ಅದು; ಎಲ್ಲಿ ಸವರಿದರೂ ಒಂದು ಪದರ ಕಿತ್ತುಕೊಂಡೇ ಬರುತ್ತದೆ. ಅಕ್ಕನ ಮಾತೂ ಅಷ್ಟೇ, ನಯ ಮಾಡುವ ಭಾಗವೊಂದನ್ನು ಬಿಟ್ಟು.

ಮೂವತ್ತೇಳು ವರ್ಷ ಆಕೆ ವಿದ್ಯುತ್ ರೈಲುಗಳ ಮೋಟಾರಿಗೆ ತಾಮ್ರದ ತಂತಿ ಸುತ್ತಿದಳು. ಇಪ್ಪತ್ತೊಂದನೇ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ ವೈಂಡಿಂಗ್ ವಿಭಾಗದಲ್ಲಿ ಹೆಂಗಸೆಂದರೆ ಆಕೆಯೊಬ್ಬಳೇ. ಮೊದಲ ವರ್ಷ ಎಲ್ಲರೂ ನಕ್ಕರು, ಎರಡನೇ ವರ್ಷ ಸುಮ್ಮನಾದರು, ಮೂರನೇ ವರ್ಷದಿಂದ ನಗುವ ಸರದಿ ಆಕೆಯದಾಯಿತು. ಡ್ರೈವರುಗಳೆಂದರೆ ಮೋಟಾರು ಸುಡಲು ಸಂಬಳ ತೆಗೆದುಕೊಳ್ಳುವವರು. ಎಂಜಿನಿಯರುಗಳೆಂದರೆ ಕಾಗದದ ಮೇಲೆ ಮಾತ್ರ ರೈಲು ಓಡಿಸುವವರು. ಗಾಡಿಗೆ ಬಣ್ಣ ಬಳಿಯುವವರ ಸುದ್ದಿಯನ್ನಂತೂ ಎತ್ತುವುದೇ ಬೇಡ. ಲೋಕದಲ್ಲಿ ಕೆಲಸ ಬಲ್ಲವರು, ಬಾರದವರು ಎಂದು ಎರಡೇ ಜಾತಿ. ಮೊದಲನೆಯದರಲ್ಲಿ ಸದ್ಯಕ್ಕೆ ತಾನೊಬ್ಬಳೇ ಇದ್ದೇನೆ ಎಂಬುದು ಆಕೆಯ ಲೆಕ್ಕ.

ನಿವೃತ್ತಿಯಾದ ಮೇಲೆ ಹೊಲಿಗೆ ಅಂಗಡಿ ಇಟ್ಟಿದ್ದ ತಂಗಿಯ ಮನೆ ಸೇರಿಕೊಂಡಳು. ಎರಡು ವರ್ಷ ತಂಗಿಯ ಹೊಲಿಗೆ ಯಂತ್ರ, ನೀರಿನ ಪಂಪು, ಪಕ್ಕದ ಮನೆಯ ಫ್ಯಾನು ಎಲ್ಲವನ್ನೂ ಬಿಚ್ಚಿ ಜೋಡಿಸಿ, ಅವುಗಳನ್ನು ಮಾಡಿದವರ ವಂಶವನ್ನೆಲ್ಲ ಜಾಲಾಡಿದಳು. ಬಿಚ್ಚಲು ಇನ್ನೇನೂ ಉಳಿಯದಾಗ ತಂಗಿಗೆ ಭಯವಾಯಿತು. ಒಂದು ಭಾನುವಾರ ಊರಾಚೆಯ ರೈಲು ಸಂಗ್ರಹಾಲಯಕ್ಕೆ ಅಕ್ಕನನ್ನು ಕರೆದುಕೊಂಡು ಹೋದಳು.

ಹಳೆಯ ಗೂಡ್ಸ್ ಶೆಡ್ಡೊಂದರಲ್ಲಿ, ಕಾಲ ಮುಗಿದ ಆರು ವಿದ್ಯುತ್ ರೈಲುಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಇವಕ್ಕೆ ಬೇರೆ ಎಂಜಿನ್ ಇಲ್ಲ. ಮೇಲಿನ ತಂತಿಯಿಂದ ಕರೆಂಟು ಎಳೆದುಕೊಂಡು, ಹೊಟ್ಟೆಯ ಕೆಳಗಿನ ಎರಡು ಮೋಟಾರುಗಳಿಂದ ತಾವೇ ಓಡುವ ಒಂಟಿ ಡಬ್ಬಿಗಳು. ನಡುವೆ ಹಸಿರು ಬಣ್ಣದ ಏಳನೇ ನಂಬರಿನ ಗಾಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಮೆಟ್ಟಿಲ ಮೇಲೆ ಜರಿಯಂಚಿನ ಟೋಪಿ ತೊಟ್ಟು, ಕೊರಳಿಗೆ ಸೀಟಿ ನೇತುಹಾಕಿಕೊಂಡ ಒಬ್ಬ ದುಂಡನೆಯ ಮನುಷ್ಯ ನಿಂತಿದ್ದ. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು, ಇಲ್ಲಿ ಸ್ವಯಂಸೇವಕರ ಸಂಘದ ಅಧ್ಯಕ್ಷರು. ಈ ಗಾಡಿ ತನ್ನ ಸೇವೆಯುದ್ದಕ್ಕೂ ಒಂದು ದಿನವೂ ಕೈಕೊಟ್ಟದ್ದಿಲ್ಲವೆಂದು ಜನರಿಗೆ ವಿವರಿಸುತ್ತಿದ್ದರು.

ಅಕ್ಕ ನಕ್ಕಳು. ಮೂಗಿನಿಂದ ಹೊರಡುವ ನಗು ಅದು. ಡಿಪೋದಲ್ಲಿ ಅದನ್ನು ಕೇಳಿ ಕೆಲಸ ಬದಲಿಸಿಕೊಂಡವರಿದ್ದರು.

"ಎರಡು ಮೋಟಾರಲ್ಲಿ ಒಂದು ಸತ್ತು ಮೂವತ್ತಾರು ವರ್ಷ ಆಯ್ತು ಡಾಕ್ಟ್ರೇ. ಹೆಣ ಹೊತ್ಕೊಂಡು ಓಡಾಡ್ತಿದೆ ಇದು. ನಿಮಗೆ ಗೊತ್ತಿಲ್ವಾ?"

ಡಾಕ್ಟರಿಗೆ ಗೊತ್ತಿರಲಿಲ್ಲ. ಗಾಡಿ ಯಾಕೆ ಏದುಸಿರು ಬಿಡುತ್ತದೆಂದು ಅವರು ಒಂಬತ್ತು ವರ್ಷದಿಂದ ಯೋಚಿಸುತ್ತಿದ್ದರು. ವಯಸ್ಸಾಯಿತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದರು. ಹೇಗೆ ಸತ್ತಿತು ಎಂದು ಯಾರೋ ಕೇಳಿದರು. ಒಬ್ಬ ಡ್ರೈವರು ಅದನ್ನು ಅಡ್ಡಾದಿಡ್ಡಿ ಎಳೆದಾಡಿ ಸುಟ್ಟುಹಾಕಿದ, ಮೀಸೆ ಡ್ರೈವರು ಅಂತ, ಮೀಸೆ ಇದ್ದಷ್ಟು ಕೈ ಇರಲಿಲ್ಲ ಎಂದು ಅಕ್ಕ ಹೇಳಿದಳು. ಎಲ್ಲರೂ ನಕ್ಕರು. ಮುಂದಿನ ಶನಿವಾರ ಬರಬೇಕೆಂದು ಡಾಕ್ಟರು ಟೋಪಿ ತೆಗೆದು ಕೇಳಿಕೊಂಡರು.

ಶನಿವಾರ ಬಂದ ಅಕ್ಕ ಕಂಡದ್ದು ಹನ್ನೆರಡು ಜನ ಸ್ವಯಂಸೇವಕರನ್ನು. ಕೆಲಸ ಶುರುವಾಗುವುದು ಟೀಯಿಂದ. ಟೀ ಆದ ಮೇಲೆ ಫೋಟೋ. ಫೋಟೋ ಆದ ಮೇಲೆ ಚರ್ಚೆ. ಮೂರನೇ ನಂಬರಿನ ಗಾಡಿಗೆ ಬಳಿಯಬೇಕಾದದ್ದು ಎಲೆಹಸಿರೋ ಬಾಟಲಿ ಹಸಿರೋ ಎಂಬ ಚರ್ಚೆ ಆಗ ಎಂಟನೇ ವಾರದಲ್ಲಿತ್ತು. ಇಬ್ಬರು ಮಾತು ಬಿಟ್ಟಿದ್ದರು. ಒಬ್ಬಾತ ಹಳೆಯ ಟಿಕೆಟ್ ಪಂಚುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದ, ತೆಗೆಯುತ್ತಿದ್ದ, ಮತ್ತೆ ಇಡುತ್ತಿದ್ದ. ಎಲ್ಲರಿಗೂ ಸಮವಸ್ತ್ರವಿತ್ತು. ಸಮವಸ್ತ್ರದ ಮೇಲೆ ಒಂದು ಹನಿ ಗ್ರೀಸೂ ಇರಲಿಲ್ಲ.

ಗಾಡಿಯ ಕೆಳಗಿನ ಗುಂಡಿಗೆ ಇಳಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ಅಲ್ಲಿ ದೀಪವಿಲ್ಲವೆಂದು ಹೇಳಿದರು. ಅಕ್ಕ ಟಾರ್ಚು ಹಿಡಿದು ತಾನೇ ಇಳಿದಳು. ಇಲಿಗಳು ಸಂಸಾರ ಹೂಡಿ ಮೂರು ತಲೆಮಾರು ಕಳೆದಿದ್ದವು. ದಪ್ಪ ಕೇಬಲು ಹರಿದ ಕಡೆ ಮನೆಯ ಬಲ್ಬಿಗೆ ಹಾಕುವ ತಂತಿಯನ್ನು ಗಂಟು ಹಾಕಿ, ಗಾಯಕ್ಕೆ ಕಟ್ಟುವ ಬಿಳಿ ಪಟ್ಟಿ ಸುತ್ತಿದ್ದರು. ಅದು ಡಾಕ್ಟರ ಕೈಚಳಕ. ಹೊರಗೆ ಥಳಕು ಒಳಗೆ ಹುಳುಕು ಎಂಬ ಗಾದೆಯನ್ನು ಅಕ್ಕ ಚಿಕ್ಕಂದಿನಿಂದ ಕೇಳಿದ್ದಳು. ಅದಕ್ಕೆ ಚಕ್ರ ಹಚ್ಚಿ ಹಳಿಯ ಮೇಲೆ ನಿಲ್ಲಿಸಿದ್ದನ್ನು ನೋಡಿದ್ದು ಅದೇ ಮೊದಲು. ಮೇಲೆ ಬಂದು, ಇದು ಇಷ್ಟು ದಿನ ಹೊತ್ತಿ ಉರಿಯದೇ ಇರುವುದು ನಿಮ್ಮ ಪುಣ್ಯವಲ್ಲ, ಗಾಡಿಯ ಪುಣ್ಯ ಎಂದಳು.

ಆಕೆ ಹೇಳಿದ್ದಕ್ಕೆಲ್ಲ ಅವರು ತಲೆಯಾಡಿಸಿದರು. ಅದೇ ಆಕೆಗೆ ಇನ್ನೂ ತಾತ್ಸಾರ ಹುಟ್ಟಿಸಿತು. ಡಿಪೋದಲ್ಲಿ ಬೈದರೆ ತಿರುಗಿ ಬೈಯುವವರಿದ್ದರು. ಇವರು ಬೈಗುಳವನ್ನೂ ಹಳೆಯ ಕಾಲದ ವಸ್ತುವೆಂಬಂತೆ ಖುಷಿಯಿಂದ ಕೇಳಿಸಿಕೊಳ್ಳುತ್ತಿದ್ದರು. ಒಬ್ಬ ಅದನ್ನು ಫೋನಿನಲ್ಲಿ ಹಿಡಿದುಕೊಂಡ.

ಅವರಲ್ಲಿ ಒಬ್ಬರು ಭೂಗೋಳದ ಮೇಷ್ಟ್ರು, ನಿವೃತ್ತರು. ಮೂಲೆಯಲ್ಲಿ ಕೂತು ಬಾಗಿಲ ಹಿತ್ತಾಳೆ ಹಿಡಿಗಳನ್ನು ಉಜ್ಜುವುದು ಅವರ ಕೆಲಸ. ಎರಡನೇ ಶನಿವಾರ ತಾವೇ ಬಂದು ಗುಂಡಿಯಲ್ಲಿ ಟಾರ್ಚು ಹಿಡಿದರು. ಮೂರನೇ ಶನಿವಾರ ಹಳೇ ಅಂಗಿ ತೊಟ್ಟು ಬಂದರು. ತಂತಿಯ ಸುರುಳಿಗೆ ಕರೆಂಟು ತಡೆಯುವ ಬಟ್ಟೆಪಟ್ಟಿ ಸುತ್ತುವುದನ್ನು ಕಲಿಸುತ್ತೀರಾ ಎಂದು ಕೇಳಿದರು. ಅವರ ಬೆರಳುಗಳು ಸೀಮೆಸುಣ್ಣ ಹಿಡಿಯಲು ಹುಟ್ಟಿದ ಬೆರಳುಗಳು. ಅಭ್ಯಾಸಕ್ಕೆಂದು ಹಳೆಯ ಸುರುಳಿಯ ಮೇಲೆ ಅವರು ಸುತ್ತಿದ್ದನ್ನು ನೋಡಿ ಅಕ್ಕ, ಮೇಷ್ಟ್ರೇ ಇದು ಮೋಟಾರು, ಮುರಿದ ಕಾಲಲ್ಲ ಎಂದು ಕತ್ತರಿಯಿಂದ ಕತ್ತರಿಸಿ ಬಿಸಾಕಿದಳು. ಮೇಷ್ಟ್ರು ಇನ್ನೊಂದು ಪಟ್ಟಿ ತೆಗೆದುಕೊಂಡರು. ಮೂರು ತಿಂಗಳಲ್ಲಿ ಅಕ್ಕ ಅವರ ಕೆಲಸವನ್ನು ಹದಿನಾಲ್ಕು ಸಲ ಕತ್ತರಿಸಿ ಹಾಕಿದಳು.

ಸತ್ತ ಮೋಟಾರನ್ನು ಇಳಿಸಲು ಎರಡು ಶನಿವಾರ ಹಿಡಿಯಿತು. ಸರಪಳಿ ರಾಟೆ ಎಳೆಯುವಾಗ ಹನ್ನೆರಡು ಜನರಲ್ಲಿ ಐದು ಜನಕ್ಕೆ ಸೊಂಟ ಹಿಡಿಯಿತು, ನಾಲ್ಕು ಜನ ಫೋಟೋ ತೆಗೆದರು. ಮೋಟಾರು ಮೇಜಿನ ಮೇಲೆ ಬಂದ ದಿನ ಮಧ್ಯಾಹ್ನ ಉಳಿದವರು ಟೀಗೆ ಹೋಗಿದ್ದರು. ಅಕ್ಕ, ಮೇಷ್ಟ್ರು ಇಬ್ಬರೇ ಮುಚ್ಚಳ ಬಿಚ್ಚಿದರು.

ತಿರುಗುವ ಉಕ್ಕಿನ ಉರುಳೆ. ಅದರ ತುದಿಗೆ ತಾಮ್ರದ ಪಟ್ಟಿಗಳನ್ನು ಒತ್ತಾಗಿ ಜೋಡಿಸಿದ ಬಳೆ. ಒಂದೊಂದು ಪಟ್ಟಿಗೂ ಒಂದೊಂದು ತಂತಿಯನ್ನು ಬೆಸೆದಿರುತ್ತಾರೆ. ಡ್ರೈವರು ಗಾಡಿಯನ್ನು ಮಿತಿಮೀರಿ ಎಳೆದರೆ ಇಡೀ ಬಳೆ ಕಾದು, ಸುತ್ತಲಿನ ಎಲ್ಲ ಬೆಸುಗೆಗಳೂ ಕರಗಿ ಸಿಡಿಯುತ್ತವೆ. ಅಕ್ಕ ನೂರಾರು ಸಲ ನೋಡಿದ್ದಳು. ಇಲ್ಲಿಯೂ ಅದನ್ನೇ ತೋರಿಸಬೇಕೆಂದು ಮೇಷ್ಟ್ರನ್ನು ಹತ್ತಿರ ಕರೆದು, ನೋಡಿ, ಹುಚ್ಚುಹುಚ್ಚಾಗಿ ಓಡಿಸಿದರೆ ಹೀಗಾಗುತ್ತೆ ಎಂದು ಟಾರ್ಚು ಹಾಕಿದಳು.

ಬೆಸುಗೆಗಳೆಲ್ಲ ಹಾಗೇ ಇದ್ದವು. ಒಂದೊಂದೂ ಮೊನ್ನೆ ಮಾಡಿದ್ದೆಂಬಂತೆ ಮಿನುಗುತ್ತಿದ್ದವು. ಒಂದು ಕಡೆ ಮಾತ್ರ, ಅಂಗೈಯಗಲದಷ್ಟು, ಸುಟ್ಟು ಕರಕಲಾಗಿತ್ತು. ಅದರ ನಡುವೆ ಒಂದು ತಂತಿ ತನ್ನ ಪಟ್ಟಿಯನ್ನು ಬಿಟ್ಟು ಈಚೆಗೆ ಬಂದಿತ್ತು. ತಂತಿಯ ತುದಿಯಲ್ಲಿ ಬೂದು ಬಣ್ಣದ, ಮರಳು ಮರಳಾದ ತವರ ಅಂಟಿಕೊಂಡಿತ್ತು. ಕಾವು ಸಾಲದೆ ಮಾಡಿದ ಬೆಸುಗೆ ಮಾತ್ರ ಹಾಗಿರುತ್ತದೆ.

ಅಕ್ಕ ಟಾರ್ಚನ್ನು ಉರುಳೆಯ ನಡುವಿನ ದಂಡದ ತುದಿಗೆ ತಿರುಗಿಸಿದಳು. ತಂತಿ ಸುತ್ತಿದವರ ನಂಬರು ಅಲ್ಲಿ ಕೊರೆದಿರುತ್ತದೆ. ಇಪ್ಪತ್ತಮೂರು. ಅದು ಆಕೆಯದೇ.

"ಏನಾಯ್ತು?" ಎಂದರು ಮೇಷ್ಟ್ರು.

"ಏನಿಲ್ಲ. ಮುಚ್ಚಿ," ಎಂದಳು.

ಮೂವತ್ತಾರು ವರ್ಷದ ಹಿಂದೆ ಏಳನೇ ನಂಬರಿನ ಗಾಡಿ ದಾರಿಯ ನಡುವೆ ಹೊಗೆ ಕಾರಿ ನಿಂತಿತ್ತು. ಗಾಡಿಗೆ ವಯಸ್ಸಾಗಿತ್ತು, ಹೇಗೂ ಮುಂದಿನ ವರ್ಷ ಮೂಲೆಗೆ ಸೇರುವುದಿತ್ತು. ಹಾಗಾಗಿ ಸುಟ್ಟ ಮೋಟಾರನ್ನು ಯಾರೂ ಬಿಚ್ಚಿ ನೋಡಲಿಲ್ಲ, ತಂತಿ ಕತ್ತರಿಸಿ ಹಾಗೇ ಬಿಟ್ಟರು. ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯಿತು. ತನ್ನ ತಪ್ಪಿಲ್ಲ, ಮೋಟಾರಿನದೇ ದೋಷ ಎಂದು ಮೀಸೆ ಡ್ರೈವರು ಹೇಳಿದ. ಇಪ್ಪತ್ತನಾಲ್ಕರ ಅಕ್ಕನನ್ನು ಕರೆಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನ ಕೆಲಸದಲ್ಲಿ ತಪ್ಪಿಲ್ಲ ಎಂದಳು ಆಕೆ. ಆಗಲೇ ಆಕೆಯ ಕೈಗೆ ಅಂಥ ಹೆಸರಿತ್ತು. ಸಾಹೇಬರು ಫೈಲು ಮುಚ್ಚಿದರು. ಮೀಸೆ ಡ್ರೈವರನನ್ನು ಗಾಡಿಯಿಂದ ಇಳಿಸಿ ಲೆವೆಲ್ ಕ್ರಾಸಿಂಗಿನ ಗೇಟಿಗೆ ಹಾಕಿದರು.

ಅಂದು ಆಕೆ ಸುಳ್ಳು ಹೇಳಿರಲಿಲ್ಲ, ನಂಬಿದ್ದನ್ನೇ ಹೇಳಿದ್ದಳು. ಆದರೆ ನೋಡಿ ಹೇಳಿರಲಿಲ್ಲ. ಆಮೇಲೆ ಆ ಗಾಡಿ ಎಷ್ಟೋ ತಿಂಗಳು ಆಕೆಯ ಮೇಜಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು. ಒಂದು ದಿನವೂ ಹೋಗಿ ನೋಡಬೇಕೆನಿಸಲಿಲ್ಲ. ಯಾಕೆ ಅನಿಸಲಿಲ್ಲ ಎಂದು ಈಗ ಕೇಳಿಕೊಂಡರೆ ಬಂದ ಉತ್ತರ ಆಕೆಗೆ ರುಚಿಸಲಿಲ್ಲ.

ಮೂರು ಶನಿವಾರ ಶೆಡ್ಡಿಗೆ ಹೋಗಲಿಲ್ಲ. ಕಾಲುನೋವು ಎಂದಳು. ಮನೆಯಲ್ಲಿ ಯಾರನ್ನೂ ಬೈಯಲಿಲ್ಲ. ನಾಲ್ಕನೇ ದಿನವೇ ತಂಗಿ ಕತ್ತರಿ ಕೆಳಗಿಟ್ಟು, ಮೈಗೆ ಹುಷಾರಿಲ್ಲವಾ ಎಂದು ಕೇಳಿದಳು. ಅಕ್ಕ ಎಲ್ಲವನ್ನೂ ಹೇಳಿದಳು. ತಂಗಿ ಬಟ್ಟೆ ಮಡಿಸುತ್ತ ಕೇಳಿಸಿಕೊಂಡಳು.

"ನಾನಾಗಿದ್ರೆ ಹೊಲಿಗೆ ಬಿಚ್ಚಿ ಮತ್ತೆ ಹಾಕಿಕೊಡ್ತಿದ್ದೆ. ನಿನ್ನದು ಹಾಗಲ್ಲವಲ್ಲ," ಎಂದಳು. ಮಡಿಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟು, "ಆ ಮನುಷ್ಯ ಇದಾನಾ ಇನ್ನೂ?" ಎಂದಳು.

ಇದ್ದರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ಮಗಳ ಜೊತೆ. ಮಗಳು ಶಾಲಾ ಬಸ್ಸು ಓಡಿಸುತ್ತಿದ್ದಳು. ಅಕ್ಕ ಹೋದಾಗ ಅವರು ಕಿಟಕಿಯ ಬಳಿ ಕೂತು, ಕೆಳಗೆ ಬಸ್ಸು ನಿಲ್ಲಿಸಿ ಬಂದ ಮಗಳಿಗೆ ತಿರುವಿನಲ್ಲಿ ಗೇರು ತಡವಾಗಿ ಇಳಿಸಿದೆಯೆಂದು ಹೇಳುತ್ತಿದ್ದರು. ಮೀಸೆ ಬೆಳ್ಳಗಾಗಿ ತೆಳುವಾಗಿತ್ತು. ಆಕೆಯ ಗುರುತು ಹಿಡಿಯಲು ಕ್ಷಣವೂ ಬೇಕಾಗಲಿಲ್ಲ. ಕೂರು ಎನ್ನಲಿಲ್ಲ. ಮಗಳು ಕುರ್ಚಿ ಎಳೆದು ಹಾಕಿದಳು. ಅಕ್ಕ ನಿಂತೇ ಇದ್ದಳು.

"ಡ್ರೈವರಣ್ಣ, ಏಳನೇ ನಂಬರಿನ ಮೋಟಾರು ಬಿಚ್ಚಿದೆ. ಒಂದು ಬೆಸುಗೆ ಸರಿಯಾಗಿ ಕೂತಿರಲಿಲ್ಲ. ತಪ್ಪು ನನ್ನದು."

ಅವರು ಕಿಟಕಿಯಾಚೆ ನೋಡುತ್ತಲೇ ಇದ್ದರು.

"ನನಗೆ ಗೊತ್ತಿರೋದನ್ನ ಹೇಳೋಕೆ ಮೆಟ್ಟಿಲು ಹತ್ತಿ ಬಂದೆಯಾ?" ಎಂದರು. "ಅವತ್ತು ಗಾಡಿ ಅರ್ಧ ಖಾಲಿ. ಸಮತಟ್ಟು ದಾರಿ. ಮುದಿ ಎಮ್ಮೆ ಹೊಡ್ಕೊಂಡು ಹೋದ ಹಾಗೆ ಹೋಗ್ತಿದ್ದೆ. ವಿಚಾರಣೇಲಿ ಇದನ್ನೇ ಹೇಳಿದೆ. ನೀನು ನಕ್ಕೆ."

ಅಕ್ಕನಿಗೆ ತಾನು ನಕ್ಕದ್ದು ನೆನಪಿರಲಿಲ್ಲ. ಆದರೆ ತನ್ನ ನಗು ತನಗೆ ಗೊತ್ತಿತ್ತು.

ಅವರು ಹದಿನಾರು ವರ್ಷ ಗೇಟು ಎತ್ತಿ ಇಳಿಸಿದ್ದನ್ನು ಹೇಳಿದರು, ದೂರು ಹೇಳುವ ದನಿಯಲ್ಲಲ್ಲ. ತಮ್ಮ ಕೈಕೆಳಗೆ ಕಲಿತವರೇ ಗಾಡಿ ಓಡಿಸಿಕೊಂಡು ಎದುರಿಗೇ ಹೋಗುತ್ತಿದ್ದರಂತೆ. ಕೆಲವರು ಕೈ ಎತ್ತುತ್ತಿದ್ದರಂತೆ. ಎತ್ತದವರೇ ವಾಸಿ ಅನಿಸುತ್ತಿತ್ತಂತೆ.

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅವರು ಕೈ ಅಡ್ಡ ಹಿಡಿದರು.

"ಕ್ಷಮಿಸು ಅಂತ ಮಾತ್ರ ಕೇಳ್ಬೇಡ. ಕೇಳಿದ್ರೆ ನಾನೊಂದು ಉತ್ತರ ಕೊಡ್ಬೇಕಾಗುತ್ತೆ. ಬರೆದು ಹಾಕು. ಜನ ಓದೋ ಕಡೆ."

ಮುಂದಿನ ಶನಿವಾರ ಅಕ್ಕ ಶೆಡ್ಡಿಗೆ ಹೋಗಿ, ಏಳನೇ ನಂಬರಿನ ಗಾಡಿಯ ಪಕ್ಕದಲ್ಲಿ ಒಂದು ಬೋರ್ಡು ಹಾಕಬೇಕೆಂದೂ ಅದರಲ್ಲಿ ಏನಿರಬೇಕೆಂದೂ ಹೇಳಿದಳು. ಹನ್ನೆರಡೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರು ಟೋಪಿ ಸರಿಮಾಡಿಕೊಂಡು, ತಮ್ಮ ರೋಗಿಗಳ ಜೊತೆ ಮಾತಾಡುವ ಮೆತ್ತನೆ ದನಿ ತೆಗೆದರು. ಅಕ್ಕನ ದೊಡ್ಡ ಮನಸ್ಸನ್ನು ಹೊಗಳಿದರು. ಜನ ಇಲ್ಲಿಗೆ ಸಂತೋಷಪಡಲು ಬರುತ್ತಾರೆ, ಯಾರದೋ ಹಳೆಯ ತಪ್ಪೊಪ್ಪಿಗೆ ಓದಲಿಕ್ಕಲ್ಲ ಎಂದರು. ಆಗಿಹೋದದ್ದನ್ನು ಕೆದಕಿ ಏನು ಬಂತು ಎಂದರು. ಆಗಿಹೋದದ್ದನ್ನು ಕೆದಕುವುದಕ್ಕೆಂದೇ ಕಟ್ಟಿದ ಸಂಗ್ರಹಾಲಯದ ಅಧ್ಯಕ್ಷರ ಬಾಯಲ್ಲಿ ಈ ಮಾತು ಬಂದದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ.

"ಹುಳುಕು ಹಲ್ಲಿಗೆ ಬಣ್ಣ ಬಳಿದು ಮನೆಗೆ ಕಳಿಸ್ತೀರಾ ಡಾಕ್ಟ್ರೇ, ನಿಮ್ಮ ಕ್ಲಿನಿಕ್ಕಲ್ಲಿ?"

"ಅದು ಬೇರೆ ವಿಷಯ ಅಕ್ಕಾ."

"ಹಾಗಾದ್ರೆ ಮೋಟಾರೂ ಬೇರೆಯವರ ಹತ್ರ ಸುತ್ತಿಸ್ಕೊಳ್ಳಿ," ಎಂದು ಅಕ್ಕ ಕತ್ತರಿ, ಪಟ್ಟಿ ಎಲ್ಲ ಚೀಲಕ್ಕೆ ಹಾಕಿಕೊಂಡಳು.

ಮಧ್ಯಾಹ್ನವೆಲ್ಲ ಸಭೆ ನಡೆಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬೋರ್ಡು ಹಾಕಿದರೂ ಚಿಕ್ಕದಾಗಿ ಹಾಕೋಣ ಎಂದ ಒಬ್ಬ. ಬಾಗಿಲ ಹಿಂದೆ ಹಾಕೋಣ ಎಂದ ಇನ್ನೊಬ್ಬ. ಬೋರ್ಡಿನ ಬಣ್ಣ ಎಲೆಹಸಿರಿರಲಿ ಎಂದ ಮೂರನೆಯವನು. ಕೊನೆಗೆ ಮೇಷ್ಟ್ರು ಎದ್ದು ನಿಂತರು.

"ಮೂವತ್ತು ವರ್ಷ ಮಕ್ಕಳ ತಪ್ಪನ್ನೆಲ್ಲ ಕೆಂಪು ಶಾಯೀಲಿ ಬರೆದೆ. ನನ್ನ ತಪ್ಪು ಒಂದನ್ನೂ ಎಲ್ಲೂ ಬರೀಲಿಲ್ಲ. ಈ ಬೋರ್ಡು ನಾನು ಬರೀತೀನಿ," ಎಂದರು.

ಕೈ ಎತ್ತಿಸಿದಾಗ ಏಳು ಜನ ಬೋರ್ಡಿನ ಪರ, ಐದು ಜನ ಡಾಕ್ಟರ ಪರ. ಏಳರಲ್ಲಿ ಎಷ್ಟು ಜನ ನ್ಯಾಯಕ್ಕೆ ಕೈ ಎತ್ತಿದರು, ಎಷ್ಟು ಜನ ಮೋಟಾರಿಗಾಗಿ ಎತ್ತಿದರು ಎಂದು ಅಕ್ಕ ಕೇಳಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು.

ಮೋಟಾರು ಸುತ್ತಿ ಮುಗಿಸಲು ಮತ್ತೆ ಐದು ತಿಂಗಳು ಹಿಡಿಯಿತು. ಗಾಡಿ ಎರಡೂ ಮೋಟಾರಿನ ಮೇಲೆ ಓಡುವ ದಿನ ಬಂದಾಗ ಬೋರ್ಡು ಹತ್ತುವ ಮೆಟ್ಟಿಲ ಪಕ್ಕದಲ್ಲೇ ಇತ್ತು. ಮೇಷ್ಟ್ರ ಗುಂಡನೆಯ ಅಕ್ಷರ: ಈ ಗಾಡಿಯ ಎಡ ಮೋಟಾರು ಸುಟ್ಟದ್ದು ವೈಂಡರ್ ನಂಬರ್ ಇಪ್ಪತ್ತಮೂರರ ಕೆಟ್ಟ ಬೆಸುಗೆಯಿಂದ. ಡ್ರೈವರನ ತಪ್ಪೆಂದು ಆಕೆ ನೋಡದೆ ಹೇಳಿದಳು. ಅದಕ್ಕಾಗಿ ಆತನನ್ನು ಗಾಡಿಯಿಂದ ಇಳಿಸಲಾಯಿತು. ಆತನ ತಪ್ಪಿರಲಿಲ್ಲ.

ಮಗಳು ತಂದೆಯನ್ನು ಕರೆದುಕೊಂಡು ಬಂದಳು. ಓದಲು ಅರ್ಧ ನಿಮಿಷ ಸಾಕು. ಮೀಸೆ ಡ್ರೈವರು ಅದರ ಮುಂದೆ ಬಹಳ ಹೊತ್ತು ನಿಂತರು. ಹಿಂದೆ ಗಾಡಿ ಹತ್ತಲು ಬಂದವರ ಸಾಲು ಬೆಳೆಯಿತು. ಅಷ್ಟರಲ್ಲಿ ಹಲ್ಲಿನ ಡಾಕ್ಟರಿಗೆ ಈ ಸಂಗತಿಯಲ್ಲಿ ಒಳ್ಳೆಯ ಫೋಟೋ ಇದೆಯೆಂದು ಹೊಳೆದಿತ್ತು. ಬೋರ್ಡಿಗೆ ಅಡ್ಡ ನಿಂತವರೇ ಈಗ ತಮ್ಮ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದು, ಇಂದು ಮೀಸೆ ಡ್ರೈವರೇ ಗಾಡಿ ನಡೆಸಬೇಕೆಂದು ದೊಡ್ಡ ದನಿಯಲ್ಲಿ ಕೇಳಿಕೊಂಡರು. ಆ ಜರಿಯಂಚನ್ನು ಮೀಸೆ ಡ್ರೈವರು ಚಪ್ಪಲಿಗೆ ಅಂಟಿದ ಸಗಣಿಯನ್ನು ನೋಡುವಂತೆ ನೋಡಿದರು.

"ನನ್ನನ್ನ ಇಳಿಸಿದಾರಲ್ಲ," ಎಂದಷ್ಟೇ ಹೇಳಿ, ಒಳಗೆ ಹೋಗಿ ಕೊನೆಯ ಸೀಟಿನಲ್ಲಿ ಕೂತರು.

ಅಕ್ಕ ಎದುರು ಸೀಟಿನಲ್ಲಿದ್ದಳು. ಡಾಕ್ಟರು ಸೀಟಿ ಊದಿ ಗಾಡಿ ಬಿಟ್ಟರು. ಎರಡು ಮೋಟಾರಿನ ದನಿ ಒಂದರೊಳಗೊಂದು ಬೆರೆತು ನೆಲದಿಂದ ಮೇಲೆ ಬಂತು. ಅಂಗಾಲಿಗೆ ತಿಳಿಯುವ ದನಿ ಅದು. ಮೀಸೆ ಡ್ರೈವರು ಕಣ್ಣು ಮುಚ್ಚಿ ಕೇಳಿದರು. ಅರ್ಧ ಮೈಲಿಯ ಹಳಿ ಮುಗಿಯುವಲ್ಲಿ ಡಾಕ್ಟರು ಬ್ರೇಕು ಹಾಕಿದ ರಭಸಕ್ಕೆ ಗಾಡಿಯಲ್ಲಿದ್ದವರೆಲ್ಲ ಮುಂದಕ್ಕೆ ಮುಗ್ಗರಿಸಿದರು. ಟಿಕೆಟ್ ಪಂಚಿನವನ ಕನ್ನಡಕ ಹಾರಿತು.

"ಹಲ್ಲು ಕೀಳೋ ಹಾಗೆ ಬ್ರೇಕ್ ಹಾಕ್ತಾನೆ," ಎಂದರು ಮೀಸೆ ಡ್ರೈವರು, ಯಾರಿಗೂ ಅಲ್ಲವೆಂಬಂತೆ.

ಅಕ್ಕನಿಗೆ ನಗು ಮೂಗಿನ ತನಕ ಬಂತು. ಸೆರಗಿನಿಂದ ಮೂಗು ಒತ್ತಿ ಹಿಡಿದುಕೊಂಡಳು. ಅವರ ಎದುರಿಗೆ ನಗುವ ಹಕ್ಕು ತನಗಿಲ್ಲವೆಂದು ಗೊತ್ತಿತ್ತು.

ಅವರು ಇಳಿದು, ಆಕೆಯ ಕಡೆ ತಿರುಗಿ ನೋಡದೆ ಮಗಳ ಬಸ್ಸು ಹತ್ತಿ ಹೋದರು. ಆಮೇಲೂ ತಿಂಗಳಿಗೊಮ್ಮೆ ಬರುತ್ತಿದ್ದರು. ಕೊನೆಯ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗಿ, ಡಾಕ್ಟರ ಕೈಯನ್ನು ಅವರಿಗೇ ಕೇಳಿಸುವಷ್ಟು ಬೈದು, ಇಳಿದು ಹೋಗುತ್ತಿದ್ದರು. ಅಕ್ಕನ ಜೊತೆ ಮಾತ್ರ ಒಂದು ಮಾತೂ ಇಲ್ಲ. ಮಗಳು ಒಮ್ಮೆ, ಅಪ್ಪ ಮನೆಯಲ್ಲಿ ಮೊದಲಿಗಿಂತ ಚೆನ್ನಾಗಿ ನಿದ್ದೆ ಮಾಡುತ್ತಾರೆ ಎಂದಳು.

ಸಂಘದವರು ಈಗ ಮೂರನೇ ನಂಬರಿನ ಗಾಡಿಗೆ ಕೈ ಹಾಕಿದ್ದಾರೆ. ಹಸಿರಿನ ಚರ್ಚೆ ಇನ್ನೂ ಮುಗಿದಿಲ್ಲ. ಸಮವಸ್ತ್ರ, ಟೀ, ಫೋಟೋ ಎಲ್ಲ ಹಾಗೇ ಇವೆ, ಅಕ್ಕನ ನಾಲಿಗೆಯೂ. ಅವರನ್ನು ಕಂಡರೆ ಆಕೆಗೆ ಈಗಲೂ ಅಷ್ಟಕ್ಕಷ್ಟೇ. ಆದರೆ ಮೊನ್ನೆ ಶನಿವಾರ ಒಂದು ಸಾಲು ಬೆಸುಗೆ ಮುಗಿಸಿ, ಮುಚ್ಚುವ ಮೊದಲು ಮೇಷ್ಟ್ರ ಕೈಗೆ ಟಾರ್ಚು ಕೊಟ್ಟಳು. ಒಂದೊಂದನ್ನೂ ನೋಡಿ ಎಂದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಭೂಪಟ ನೋಡುವಂತೆ ಬಗ್ಗಿ, ಬೆರಳು ಸವರುತ್ತ ಹೋದರು. ಒಂದರ ಹತ್ತಿರ ನಿಂತರು.

"ಇದು ಸ್ವಲ್ಪ ಮಂಕಾಗಿದೆ ಅನ್ಸುತ್ತೆ," ಎಂದರು.

ಅಕ್ಕ ಮೇಷ್ಟ್ರ ಕಣ್ಣು, ಅವರ ಕನ್ನಡಕ, ಅದನ್ನು ಕೊಟ್ಟ ಕಣ್ಣಿನ ಡಾಕ್ಟರು, ಅವರು ಪಾಠ ಹೇಳಿದ ಶಾಲೆ ಒಂದನ್ನೂ ಬಿಡದೆ ಬೈದಳು. ಬೈಯುತ್ತಲೇ ಬೆಸುಗೆ ಕಡ್ಡಿಯನ್ನು ಮತ್ತೆ ಕಾಯಲು ಇಟ್ಟಳು.